ಅಜ್ಜನ ವಹಿ, ನನ್ನ ಸುಳ್ಳು ಸ್ಕ್ಯಾನ್

ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗದ ಪಕ್ಕದ ಗೂಡಿನೊಳಗೆ ಅಜ್ಜನ ವಹಿ ಇರುತ್ತಿತ್ತು. ಹಾಳೆಗೊಂದು ತಾರೀಖು, ಕೆಳಗೆ ಅಂಟಿಸಿದ ಬೆರಳುದ್ದದ ನೂಲು, ಆ ನೂಲಿನ ಸೀರೆಗಳು ಯಾವ ಅಂಗಡಿಗೆ ಹೋದವೆಂಬ ಲೆಕ್ಕ. ಒಮ್ಮೆ ರೋಣದ ವ್ಯಾಪಾರಿಯೊಬ್ಬರು ಸೀರೆಯೊಂದನ್ನು ಹಿಡಿದುಕೊಂಡು ಬಂದರು. ಮೊದಲ ಒಗೆತಕ್ಕೇ ಅದರ ಅಂಚು ಬಣ್ಣ ಬಿಟ್ಟಿತ್ತು. ಅಜ್ಜ ವಹಿ ತೆರೆದು ನೂಲಿಗೆ ನೂಲು ಹೋಲಿಸಿ ನೋಡಿದ.

"ಈ ಲಡಿಯಾಗ ಐದು ಸೀರಿ ಆಗ್ಯಾವ್ರೀ ಸಾವ್ಕಾರ್ರ. ಮೂರು ನಿಮ್ಮ ಕಡೆ ಬಂದಾವು, ಎರಡು ನರಗುಂದಕ್ಕ ಹೋಗ್ಯಾವು. ಅಷ್ಟು ವಾಪಸ್ ತರಸೋಣು. ಉಳಿದದ್ದು ಮಾರ್ರಿ, ಅಂಜಬ್ಯಾಡ್ರಿ."

ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕಾರ್ಖಾನೆ ಸೇರಿದಾಗ ಅಂಥದೇ ವಹಿ ನನಗೆ ಕಂಪ್ಯೂಟರಿನೊಳಗೆ ಸಿಕ್ಕಿತು. ಸಾಸಿವೆಗಿಂತ ಸಣ್ಣ ಕೆಪಾಸಿಟರುಗಳು ಸಾವಿರಗಟ್ಟಲೆ ಒಂದೊಂದು ರೀಲಿನಲ್ಲಿ ಸುತ್ತಿಕೊಂಡು ಬರುತ್ತವೆ. ಅವುಗಳ ಮೈಮೇಲೆ ಸಾಮಾನ್ಯವಾಗಿ ಒಂದಕ್ಷರವೂ ಇರುವುದಿಲ್ಲ. ತಯಾರಕರ ಹೆಸರು, ಲಾಟ್ ನಂಬರ್ ಎಲ್ಲ ರೀಲಿನ ಲೇಬಲ್ ಮೇಲೆ ಮಾತ್ರ. ರೀಲು ಖಾಲಿಯಾಗಿ ಕಸಕ್ಕೆ ಬಿದ್ದರೆ ಅವುಗಳ ಊರು, ಮನೆತನ ಎರಡೂ ಹೋದಂತೆ. ಅದಕ್ಕೇ ರೀಲು ಬದಲಿಸುವಾಗಲೆಲ್ಲ ಲೇಬಲ್ ಸ್ಕ್ಯಾನ್ ಮಾಡಬೇಕು. ಪ್ರತಿ ಬೋರ್ಡಿಗೂ ತನ್ನದೇ ಸಂಖ್ಯೆ ಇರುತ್ತದೆ. ಯಾವ ಬೋರ್ಡಿಗೆ ಯಾವ ಲಾಟ್ ಕೂತಿತೆಂದು ವ್ಯವಸ್ಥೆ ಬರೆದಿಟ್ಟುಕೊಳ್ಳುತ್ತದೆ. ಈ ದಾಖಲೆ ಎಷ್ಟು ಆಳಕ್ಕೆ ಇರಬೇಕೆಂದು ಹೇಳಲು 2016ರಲ್ಲಿ ಐಪಿಸಿ-1782 ಎಂಬ ಮಾನದಂಡವೇ ಬಂತು.

ಒಂದು ರಾತ್ರಿಪಾಳಿ. ಬೆಳಗಿನ ಜಾವ 3ರ ಹೊತ್ತಿಗೆ ರೀಲು ಮುಗಿಯಿತು. ಹೊಸ ರೀಲಿನ ಲೇಬಲ್ ಮಸುಕಾಗಿ ಸ್ಕ್ಯಾನರ್ ಓದಲಿಲ್ಲ. ಸ್ಟೋರಿನಲ್ಲಿ ಫೋನ್ ಎತ್ತುವವರಿಲ್ಲ. ಲೈನ್ ನಿಂತರೆ ಬೈಗುಳ. ಮೇಜಿನ ಮೇಲಿದ್ದ ಖಾಲಿ ರೀಲಿನ ಲೇಬಲ್ಲನ್ನೇ ಇನ್ನೊಮ್ಮೆ ಸ್ಕ್ಯಾನ್ ಮಾಡಿದೆ. ಎರಡೂ ಒಂದೇ ಅಳತೆಯ ಮಾಲು, ಏನಾದೀತು ಅಂದುಕೊಂಡೆ. ಹಸಿರು ದೀಪ ಹತ್ತಿತು.

ಮೂರು ವಾರದ ನಂತರ ಒಂದು ಲಾಟಿನ ಕೆಪಾಸಿಟರುಗಳು ಪರೀಕ್ಷೆಯಲ್ಲಿ ಕೈಕೊಟ್ಟವು. ಆ ಲಾಟ್ ಕೂತ ಬೋರ್ಡುಗಳ ಪಟ್ಟಿ ತೆಗೆದರು. ಪಟ್ಟಿಯಲ್ಲಿಲ್ಲದ ಬೋರ್ಡುಗಳಲ್ಲೂ ಅದೇ ದೋಷ ಕಾಣಿಸಿತು. ಅಲ್ಲಿಗೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಯಿತು. ಆ ವಾರ ತಯಾರಾದ ಬೋರ್ಡುಗಳನ್ನೆಲ್ಲ ತಡೆಹಿಡಿದರು. ಚೆನ್ನಾಗಿದ್ದವೂ ಕೆಟ್ಟವುಗಳ ಜೊತೆ ಪೆಟ್ಟಿಗೆಯಲ್ಲಿ ಕೂತವು. ಆ ವಾರ ಲೈನಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದರು. ನನ್ನ ಸರದಿಯಲ್ಲಿ ನಾನೂ ಗೊತ್ತಿಲ್ಲವೆಂದೆ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸೂಪರ್‌ವೈಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಪೆನ್ನು ಎತ್ತಿಕೊಂಡು, "ಎಷ್ಟು ಗಂಟೆಗೆ? ಸರಿಯಾಗಿ ನೆನಪು ಮಾಡ್ಕೋ" ಎಂದರು. ನಾನು ಹೇಳಿದ ಆ ಗಂಟೆಯಿಂದ ಮುಂದಿನ ರೀಲು ಬದಲಾಗುವವರೆಗಿನ ಬೋರ್ಡುಗಳನ್ನು ಬೇರೆ ಮಾಡಿದರು. ಎಲ್ಲ ದೋಷವೂ ಅಷ್ಟರೊಳಗೇ ಸಿಕ್ಕಿತು. ಉಳಿದವು ಬಿಡುಗಡೆಯಾದವು. ನನ್ನನ್ನು ಲೈನಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಬೇಸರವಾಯಿತು, ಆದರೆ ಅನ್ಯಾಯವೆನಿಸಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ವಹಿ ಹುಡುಕಿ ತೆಗೆದೆ. ನಡುವೆ ಒಂದು ಹಾಳೆಯಲ್ಲಿ ತಾರೀಖಿತ್ತು, ನೂಲಿರಲಿಲ್ಲ. ನೂಲಿನ ಜಾಗದಲ್ಲಿ ಅಜ್ಜ ಬರೆದಿದ್ದ: "ಇಡೂದು ಮರತೇನಿ." ಬೇರೆ ಯಾವುದಾದರೂ ಕೆಂಪು ಎಳೆ ಅಂಟಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.