ಸಿಂದಗಿ ದಾರಿಯಲ್ಲಿ ಕೇಳಿದ ಕಥೆಗಳು, ಕೇಳಬಾರದ ಪ್ರಶ್ನೆಗಳು

ಸಿಂದಗಿಗೆ ರೈಲು ಇಲ್ಲ. ವಿಜಯಪುರದಲ್ಲಿ ಇಳಿದು, ಕಲಬುರಗಿ ಕಡೆ ಹೋಗುವ ಬಸ್ ಹತ್ತಿ, ಸುಮಾರು 60 ಕಿಲೋಮೀಟರ್ ಹೋಗಬೇಕು. ರಸ್ತೆಯ ಎರಡೂ ಕಡೆ ಕರಿ ಮಣ್ಣು. ತೊಗರಿ, ಹತ್ತಿ, ಹಿಂಗಾರಿಯಲ್ಲಿ ಬಿಳಿಜೋಳ. ನೆರಳು ಕಡಿಮೆ, ಆಕಾಶ ಜಾಸ್ತಿ. ಬೆಂಗಳೂರಿನಿಂದ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಬಂದವರಿಗೆ ಬೆಳಿಗ್ಗೆ ಮೊದಲು ಕಾಣುವುದು ಈ ಬಯಲೇ.

ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ದೃಶ್ಯವೂ ಕಾಣುತ್ತೆ. ಗೋಣಿಚೀಲ, ಪಾತ್ರೆ, ಸುತ್ತಿದ ಚಾಪೆ, ಸೊಂಟದ ಮೇಲೊಂದು ಮಗು. ದುಡಿಯೋಕೆ ಹೋಗುವ ಜನ. ಪುಣೆ, ಮುಂಬೈ, ರತ್ನಾಗಿರಿ, ಗೋವಾ, ಮಂಗಳೂರು, ಬೆಂಗಳೂರು. ಗುಳೆ ಅನ್ನುವ ಪದ ಪೇಪರಿನಲ್ಲಿ ಇರುತ್ತೆ. ಇಲ್ಲಿ ಜನ "ದುಡ್ಯಾಕ ಹೋಗ್ಯಾರ" ಅಂತಾರೆ ಅಷ್ಟೇ. ನಾನೂ ಒಂದು ಲೆಕ್ಕದಲ್ಲಿ ದುಡ್ಯಾಕ ಹೋದವನೇ. ನನ್ನ ಕೈಯಲ್ಲಿ ಆಫರ್ ಲೆಟರ್ ಇತ್ತು, ಅವರ ಹತ್ತಿರ ಮೇಸ್ತ್ರಿಯ ಮಾತು ಇರುತ್ತೆ. ಆ ಮಾತು ಸುಳ್ಳಾದರೆ ಏನಾಗುತ್ತೆ ಅನ್ನೋದೇ ಈ ಬರಹದ ವಿಷಯ.

ಮೇ ಸೋಟ್‌ನಿಂದ ಬಂದ ವಾಯ್ಸ್ ಮೆಸೇಜ್

ನಮ್ಮ ಹಳೆಯ ಟೀಮಿನಲ್ಲಿ ಟೆಸ್ಟಿಂಗ್ ನೋಡುತ್ತಿದ್ದ ಒಬ್ಬ ಗೆಳತಿ ಇದ್ದಾಳೆ. ಬೀದರ್ ಕಡೆಯ ಕ್ರೈಸ್ತ ಕುಟುಂಬ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಥಾಯ್ಲೆಂಡಿನ ಗಡಿ ಊರು ಮೇ ಸೋಟ್‌ಗೆ ಹೋದಳು. ಅಲ್ಲಿ ಒಂದು ಪುಟ್ಟ ಕ್ರೈಸ್ತ ತಂಡದ ಜೊತೆ ಕಥೆ ಹೇಳುವ, ಕಥೆ ಕೇಳುವ ಕೆಲಸ ಮಾಡುತ್ತಾಳೆ. ಕೇಳುಗರು ಯಾರು ಅಂದರೆ, ಮಾರಾಟವಾಗಿ ತಪ್ಪಿಸಿಕೊಂಡು ಬಂದವರು.

ಮೇ ಸೋಟ್ ಹೆಸರು ನಿಮಗೆ ಹೊಸದಿರಬಹುದು. ನದಿಯ ಆಚೆ ದಡ ಮ್ಯಾನ್ಮಾರ್‌ನ ಮ್ಯಾವಾಡಿ. ಅಲ್ಲಿನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಕೊಂಡಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಸೇನೆಯ ವಿಮಾನಗಳಲ್ಲಿ ಮೇ ಸೋಟ್‌ನಿಂದಲೇ ಕರೆತಂದರು. ಹೋದವರಲ್ಲಿ ಹೆಚ್ಚಿನವರಿಗೆ ಹೇಳಿದ್ದು "ಡಿಜಿಟಲ್ ಮಾರ್ಕೆಟಿಂಗ್", "ಡೇಟಾ ಎಂಟ್ರಿ", "ಕಸ್ಟಮರ್ ಸಪೋರ್ಟ್" ಅಂತ. ಕಂಪ್ಯೂಟರ್ ಬಲ್ಲ ಯುವಕರನ್ನೇ ಗುರಿ ಮಾಡುತ್ತಿದ್ದಾರೆ ಅಂತ ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಅಂದರೆ ನನ್ನಂಥವರನ್ನು, ಈ ಬರಹವನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮಂಥವರನ್ನು.

ನಾನು ಊರಿಗೆ ಹೊರಟ ದಿನ ಅವಳ ವಾಯ್ಸ್ ಮೆಸೇಜ್ ಬಂತು. "ನಿಮ್ ದೇವರ ಮುಂದಾದ್ರೂ ಸರಿ, ನಮ್ ಸಲುವಾಗಿ ಒಂದು ಪ್ರಾರ್ಥನೆ ಮಾಡು. ಕಥಿ ಹೇಳೋರಿಗೆ ಬಾಯಿ ಬೇಕಲ್ಲ, ಕಿವಿ ಬೇಕು. ಅದನ್ನ ಕೇಳ್ಕೋ."

ಪ್ರಾರ್ಥನೆ ಮಾಡಬೇಕಾದರೆ ಏನಕ್ಕೆ ಅಂತ ಗೊತ್ತಿರಬೇಕಲ್ಲ? ಆ ರಜೆಯ ಮೂರು ದಿನ ಸಿಂದಗಿ ಸುತ್ತ ಓಡಾಡುವಾಗ ಇದೇ ತಲೆಯಲ್ಲಿತ್ತು.

ಗೋಲಗೇರಿ: ಮೋಸ ಹೋದವನ ಗುಡಿ

ಮೊದಲ ದಿನ ದೊಡ್ಡವ್ವನ ಜೊತೆ ಗೋಲಗೇರಿ. ಗೊಲ್ಲಾಳೇಶ್ವರನ ಕಥೆ ಈ ಕಡೆ ಮಕ್ಕಳಿಗೂ ಗೊತ್ತು. ಶ್ರೀಶೈಲಕ್ಕೆ ಹೊರಟವರ ಹತ್ತಿರ ಕುರಿ ಕಾಯುವ ಹುಡುಗ ತನಗೊಂದು ಲಿಂಗ ತಂದುಕೊಡಿ ಅಂತ ಕೇಳಿದನಂತೆ. ತಿರುಗಿ ಬಂದಾತ ಮರೆತಿದ್ದ. ದಾರಿಯಲ್ಲಿ ಬಿದ್ದಿದ್ದ ಕುರಿಹಿಕ್ಕಿಯನ್ನೇ ಕೊಟ್ಟು, ಇದೇ ಲಿಂಗ ಅಂದನಂತೆ. ಹುಡುಗ ನಂಬಿದ, ಪೂಜಿಸಿದ. ಅದು ಲಿಂಗವೇ ಆಯಿತು.

ಗುಡಿಯ ಕಟ್ಟೆಯ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತಾ ದೊಡ್ಡವ್ವ ಹೇಳಿದಳು: "ಸುಳ್ಳ ಹೇಳಿದಾವನ ಹೆಸರು ಯಾರಿಗರೆ ನೆನಪೈತೇನು? ನಂಬಿದಾವ ದೇವರಾದ ನೋಡು."

ಎಷ್ಟೋ ಸಲ ಕೇಳಿದ ಕಥೆ. ಈ ಸಲ ಬೇರೆ ಥರ ಕೇಳಿಸಿತು. ಈ ಕಥೆಯಲ್ಲಿ ಮೋಸ ಹೋದವನಿಗೆ ಅವಮಾನವಿಲ್ಲ. "ನಿನಗ ಬುದ್ಧಿ ಇರಲಿಲ್ಲೇನು?" ಅಂತ ಅವನನ್ನು ಯಾರೂ ಕೇಳುವುದಿಲ್ಲ. ನಾವು ಮಾತ್ರ ಮೋಸ ಹೋಗಿ ಬಂದವರಿಗೆ ಮೊದಲು ಕೇಳುವುದು ಅದನ್ನೇ. ದುಬೈನಿಂದ ಬರಿಗೈಯಲ್ಲಿ ಬಂದವನಿಗೆ, ಪುಣೆಯಿಂದ ತಿರುಗಿ ಬಂದ ಹುಡುಗಿಗೆ, ಮ್ಯಾವಾಡಿಯಿಂದ ಬಂದ ಎಂಜಿನಿಯರಿಗೆ. ಗೆಳತಿ ಹೇಳುವ ಪ್ರಕಾರ, ಅಲ್ಲಿ ಬಂದವರಲ್ಲಿ ಬಹಳ ಜನ ಮನೆಗೆ ಫೋನ್ ಮಾಡೋಕೂ ಹಿಂಜರಿಯುತ್ತಾರೆ. ಹೊಡೆತದ ಭಯಕ್ಕಿಂತ ಈ ಪ್ರಶ್ನೆಯ ಭಯ ದೊಡ್ಡದು.

ಮುತ್ತು, ಚೌಡಿಕೆ, ಮುಂಬೈ ದಾರಿ

ಮಾನವ ಸಾಗಣೆ ಅಂದರೆ ಎಲ್ಲೋ ವಿದೇಶದ ಸುದ್ದಿ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಗೆ ಇದು ಬಹಳ ಹಳೆಯ ನೋವು. ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡುವುದು, ಆಮೇಲೆ ಅದೇ ದಾರಿಯಲ್ಲಿ ಮುಂಬೈನ ಕಾಮಾಟಿಪುರ, ಪುಣೆ, ಸಾಂಗ್ಲಿ, ಗೋವಾದ ಬೈನಾ. ಬೈನಾ ಬೀಚಿನ ಗಲ್ಲಿಗಳಲ್ಲಿ ಕನ್ನಡ ಕೇಳಿಸುತ್ತಿತ್ತು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ಅಲ್ಲಿನ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ ಇದ್ದರು.

ಕಾನೂನು ಇರಲಿಲ್ಲ ಅಂತಲ್ಲ. ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, 1934ರಲ್ಲೇ ಅಲ್ಲಿ ದೇವದಾಸಿ ಕಾಯ್ದೆ ಬಂತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಆದರೂ 1993–94ರ ಸಮೀಕ್ಷೆಯಲ್ಲಿ 22,873 ಮಹಿಳೆಯರು ಸಿಕ್ಕರು. 2007–08ರ ಸಮೀಕ್ಷೆ ಸೇರಿಸಿದರೆ ಒಟ್ಟು 46,660. ಇವರ ಮಕ್ಕಳು ಶಾಲೆಯ ಅರ್ಜಿಯಲ್ಲಿ "ತಂದೆಯ ಹೆಸರು" ಕಾಲಂ ಮುಂದೆ ನಿಂತು ಬಿಡುತ್ತಿದ್ದರು. ಅದನ್ನು ಸರಿಪಡಿಸುವ ಹೊಸ ಮಸೂದೆ ಬಂದಿದ್ದು 2025ರಲ್ಲಿ.

ಕೆಟ್ಟ ವ್ಯವಸ್ಥೆಯ ಒಳಗೂ ಕಥೆ ಹೇಳುವವರು ಇದ್ದರು ಅನ್ನೋದನ್ನು ಮರೆಯಬಾರದು. ಚೌಡಿಕೆ ಹಿಡಿದು ಎಲ್ಲಮ್ಮನ ಕಥೆಯನ್ನು ರಾತ್ರಿಯಿಡೀ ಹಾಡುವ ಜೋಗತಿಯರು. ತಲೆ ಕಡಿಸಿಕೊಂಡ ತಾಯಿಯ ಕಥೆ ಅದು. ಹಾಡುವವಳು ದೇವಿಯ ನೋವು ಹಾಡುತ್ತಾ ತನ್ನ ನೋವನ್ನೂ ಸ್ವಲ್ಪ ಸೇರಿಸುತ್ತಾಳೆ. ಕೇಳುವವರಿಗೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಗೆಳತಿಗೆ ಇದನ್ನು ಹೇಳಿದೆ. ಅವಳು, "ನಾವೂ ಅದನ್ನೇ ಮಾಡ್ತೀವಿ" ಅಂದಳು. ನೇರವಾಗಿ "ನಿನಗೇನಾಯ್ತು?" ಅಂತ ಯಾರನ್ನೂ ಕೇಳುವುದಿಲ್ಲವಂತೆ. ಬೈಬಲಿನ ಯೋಸೇಫನ ಕಥೆ ಹೇಳುತ್ತಾರೆ. ಅಣ್ಣಂದಿರೇ ಮಾರಿದ ಹುಡುಗ ಅವನು. ಕಥೆ ಮುಗಿದ ಮೇಲೆ ಸುಮ್ಮನೆ ಕೂರುತ್ತಾರೆ. ಯಾರಾದರೂ ಮಾತಾಡಿದರೆ ಆಯಿತು, ಮಾತಾಡದಿದ್ದರೂ ಆಯಿತು. ಚಹಾ ಕುಡಿದು ಏಳುತ್ತಾರೆ.

ಯಾರ ಕಥೆ, ಯಾರ ಅಂಕಿತ?

ಎರಡನೇ ದಿನ ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ನೆಲಕ್ಕೆ ಬಂದವರು ಸಾಮಾನ್ಯವಾಗಿ ಸ್ಮಾರಕ ನೋಡಿ, ಆಲಮಟ್ಟಿ ಡ್ಯಾಮಿಗೆ ಹೋಗಿ ಫೋಟೋ ತೆಗೆದು ವಾಪಸಾಗುತ್ತಾರೆ. ನನಗೆ ಅಲ್ಲಿ ನೆನಪಾಗಿದ್ದು ಸೂಳೆ ಸಂಕವ್ವೆ. ಶರಣರ ಕಾಲದ ವಚನಕಾರ್ತಿ. ಅವಳದು ಉಳಿದಿರುವುದು ಒಂದೇ ವಚನ. ಅಂಕಿತ "ನಿರ್ಲಜ್ಜೇಶ್ವರ". ನಾಚಿಕೆ ಇಲ್ಲದವರ ಈಶ್ವರ! ಜಗತ್ತು ಯಾವ ಪದ ಹಿಡಿದು ಅವಳನ್ನು ಚುಚ್ಚುತ್ತಿತ್ತೋ ಅದನ್ನೇ ದೇವರ ಹೆಸರು ಮಾಡಿಕೊಂಡಳು. ಅವಳ ಪರವಾಗಿ ಬೇರೆ ಯಾರೋ ಬರೆದಿದ್ದರೆ ಇದು ಸಾಧ್ಯವಿತ್ತಾ?

ಅವಳಂಥವರ ಮಾತೂ ನಮ್ಮ ಕೈಗೆ ಸಿಗುವಂತೆ ವಚನ ಸಂಪುಟಗಳನ್ನು ಸಂಪಾದಿಸಿದವರು ಎಂ.ಎಂ. ಕಲಬುರ್ಗಿ. ಅವರು ಹುಟ್ಟಿದ್ದು 1938ರಲ್ಲಿ, ಇದೇ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ.

ಮೂರನೇ ದಿನ ಹಲಸಂಗಿ, ಆಗಿನ ಇಂಡಿ ತಾಲ್ಲೂಕು. ದಾರಿಯುದ್ದಕ್ಕೂ ಲಿಂಬೆ ತೋಟ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಅವರ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ಪುಸ್ತಕ ಮಾಡಿದರು. ದೊಡ್ಡ ಕೆಲಸ. ಅವರು ಕೂತು ಕೇಳದಿದ್ದರೆ ಆ ಹಾಡುಗಳು ಬೀಸುಕಲ್ಲಿನ ಜೊತೆಗೇ ಹೋಗುತ್ತಿದ್ದವು. ಆದರೆ ಹೆಸರು ನೋಡಿ, ಗರತಿ. ಮನೆವಂತೆಯ ಹಾಡಿಗೆ ಪುಸ್ತಕ ಬಂತು, ಅದೇ ಊರುಗಳಿಂದ ಮುಂಬೈಗೆ ಹೋದವಳ ಹಾಡನ್ನು ಬರೆದುಕೊಳ್ಳಲು ಪೆನ್ನು ಹಿಡಿದು ಕೂತವರು ಬಹಳ ಕಡಿಮೆ.

ಅದೇ 1931ರಲ್ಲಿ ಇಟಲಿಯಲ್ಲಿ ಇನ್ನೊಂದು ಪುಸ್ತಕ ಬಂತು. ಜೋಸೆಫೀನ್ ಬಖಿತಾ ಅನ್ನುವ ಸನ್ಯಾಸಿನಿಯ ಬದುಕಿನ ಕಥೆ. ಸುಡಾನಿನಲ್ಲಿ ಚಿಕ್ಕ ವಯಸ್ಸಿಗೇ ಅಪಹರಣವಾಗಿ, ಕೈಯಿಂದ ಕೈಗೆ ಮಾರಾಟವಾದವರು. ಭಯಕ್ಕೆ ತಮ್ಮ ಹುಟ್ಟು ಹೆಸರನ್ನೇ ಮರೆತಿದ್ದರು. ಬಖಿತಾ ಅನ್ನೋದು ಮಾರಾಟ ಮಾಡಿದವರು ಇಟ್ಟ ಹೆಸರು, "ಅದೃಷ್ಟವಂತೆ" ಅಂತ ಅರ್ಥ. 1889ರಲ್ಲಿ ವೆನಿಸ್‌ನಲ್ಲಿ ಅವರು ಗುಲಾಮಳಲ್ಲ ಅಂತ ತೀರ್ಪಾಯಿತು. ಪುಸ್ತಕ ಜನಪ್ರಿಯವಾದ ಮೇಲೆ ಊರೂರಿಗೆ ಹೋಗಿ ಜನರ ಮುಂದೆ ನಿಲ್ಲಬೇಕಾಯಿತು. ಸಂಕೋಚದ ಸ್ವಭಾವದ ಅವರಿಗೆ ಅದು ಸುಲಭವಾಗಿರಲಿಲ್ಲ. 2000ದಲ್ಲಿ ಚರ್ಚ್ ಅವರನ್ನು ಸಂತರೆಂದು ಘೋಷಿಸಿತು. ಅವರ ಹಬ್ಬದ ದಿನ, ಫೆಬ್ರವರಿ 8, ಮಾನವ ಸಾಗಣೆಯ ವಿರುದ್ಧ ಕ್ಯಾಥೊಲಿಕರು ಪ್ರಾರ್ಥಿಸುವ ದಿನ.

ನಮ್ಮ ಹತ್ತಿರದ ಉದಾಹರಣೆ ಏಮಿ ಕಾರ್ಮೈಕಲ್. ಐರ್ಲೆಂಡಿನ ಈ ಮಹಿಳೆ 1895ರಲ್ಲಿ ಬಂದಿಳಿದಿದ್ದು ನಮ್ಮ ಬೆಂಗಳೂರಿಗೆ. ಆಮೇಲೆ ತಮಿಳುನಾಡಿನ ದೋಹ್ನಾವೂರಿನಲ್ಲಿ, ಗುಡಿಗೆ ಬಿಡಲಿದ್ದ ಹೆಣ್ಣುಮಕ್ಕಳಿಗೆ ಮನೆ ಕಟ್ಟಿದರು. ಅವರ ಬರಹ ಬಹಳ ಕಹಿಯಾಗಿದೆ, ಸ್ವಲ್ಪ ಸಿಹಿ ಮಾಡಿ ಅಂತ ತಾಯ್ನಾಡಿನವರು ಹೇಳಿದಾಗ ಒಪ್ಪಲಿಲ್ಲ. 1903ರಲ್ಲಿ ಅದು ಇದ್ದಂತೆಯೇ ಅಚ್ಚಾಯಿತು. ಧೈರ್ಯದ ಕೆಲಸ, ಒಪ್ಪೋಣ. ಆದರೆ ಅಲ್ಲೂ ಮಾತಾಡಿದ್ದು ಏಮಿ. ಮಕ್ಕಳು ತಮ್ಮ ಕಥೆಯನ್ನು ತಾವೇ ಹೇಳಿದ್ದರೆ ಹೇಗಿರುತ್ತಿತ್ತು ಅಂತ ಇವತ್ತು ಓದುವಾಗ ಅನಿಸುತ್ತೆ.

ಅದಕ್ಕೆ ಉತ್ತರ ಬೆಳಗಾವಿ ಜಿಲ್ಲೆಯಲ್ಲಿದೆ. ಸೀತವ್ವ ಜೋಡಟ್ಟಿ ಏಳನೇ ವಯಸ್ಸಿಗೆ ದೇವದಾಸಿಯಾದವರು. ಘಟಪ್ರಭಾದ ಮಾಸ್ ಸಂಸ್ಥೆಯನ್ನು ಮುನ್ನಡೆಸಿದರು, 2018ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಮಾಜಿ ದೇವದಾಸಿಯರೇ ಹಳ್ಳಿಗೆ ಹೋಗಿ, ಮುತ್ತು ಕಟ್ಟಲು ಹೊರಟ ಮನೆಯವರ ಮುಂದೆ ಕೂತು ತಮ್ಮ ಬಾಳನ್ನು ತಾವೇ ಹೇಳುತ್ತಾರೆ. ಸರ್ಕಾರಿ ಬ್ಯಾನರ್ ಮಾಡದ ಕೆಲಸವನ್ನು ಆ ಮಾತು ಮಾಡುತ್ತೆ.

ಹಾಗಾದರೆ ಪ್ರಾರ್ಥನೆ ಏನಂತ?

ಗೆಳತಿಗೆ ಇದನ್ನೆಲ್ಲ ಬರೆದು ಕಳಿಸಿ, "ಈಗ ಹೇಳು, ಏನು ಕೇಳಿಕೊಳ್ಳಲಿ?" ಅಂದೆ. ಅವಳ ಪಟ್ಟಿ ಚಿಕ್ಕದು.

ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ. ದಿನಾ ಇಂಥ ಕಥೆ ಕೇಳುವವರಿಗೂ ರಾತ್ರಿ ನಿದ್ದೆ ಬರಲ್ಲ. ತಂಡದಲ್ಲಿ ಇಬ್ಬರು ಆಗಲೇ ದಣಿದು ಊರಿಗೆ ಹೋಗಿದ್ದಾರಂತೆ.

ದುಡ್ಡು ಕೊಡುವವರು ಫೋಟೋ ಕೇಳಿದಾಗ "ಇಲ್ಲ" ಅನ್ನುವ ಧೈರ್ಯ. ಅಳುವ ಮುಖಕ್ಕೆ ದೇಣಿಗೆ ಜಾಸ್ತಿ ಬರುತ್ತೆ ಅನ್ನೋದು ಅವಳಿಗೂ ಗೊತ್ತು. ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಾದಾಗ ಇದು ಸಣ್ಣ ಪರೀಕ್ಷೆಯಲ್ಲ.

ಸಹಾಯ ಪಡೆದವರು ತಮ್ಮ ಧರ್ಮಕ್ಕೆ ಬರಲಿ ಅನ್ನುವ ಆಸೆಯನ್ನು ಊಟದ ತಟ್ಟೆಯ ಜೊತೆ ಬಡಿಸದಿರುವ ವಿವೇಕ. ಇದನ್ನು ಅವಳೇ ಸೇರಿಸಿದಳು. "ತಪ್ಪಿಸ್ಕೊಂಡು ಬಂದೋರಿಗೆ ಬ್ಯಾಡ ಅನ್ನೋ ಹಕ್ಕು ಮೊದ್ಲು ವಾಪಸ್ ಸಿಗಬೇಕು. ನಮ್ ಕಥಿಗೂ ಬ್ಯಾಡ ಅನ್ನಬಹುದು."

ಕೊನೆಯದು, ಮನೆಗೆ ಹೋದವರಿಗೆ ಅಲ್ಲಿ ಆ ಪ್ರಶ್ನೆ ಕೇಳದ ಜನ ಸಿಗಲಿ.

ನಾಲ್ಕನೆಯದು ದೇವರ ಕೆಲಸಕ್ಕಿಂತ ನಮ್ಮ ಕೆಲಸ. ನಾವು ಮಾಡಬಹುದಾದದ್ದು ಇಷ್ಟು. ಸಂತ್ರಸ್ತರ ಮುಖ, ಹೆಸರು, ಊರು ಇರುವ ವಿಡಿಯೋ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ. ವಿದೇಶದ ಕೆಲಸ ಅಂತ ಟೆಲಿಗ್ರಾಮಿನಲ್ಲಿ ಬಂದರೆ, ಏಜೆಂಟ್ ನೋಂದಾಯಿತನಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಕರೆಯುವವನನ್ನು ನಂಬಬೇಡಿ. ಊರಲ್ಲಿ ಚಿಕ್ಕ ಹುಡುಗಿಗೆ ಮುತ್ತು ಕಟ್ಟುವ ಸುದ್ದಿ ಬಂದರೆ 1098, ಮಹಿಳೆಯರಿಗೆ 181, ತುರ್ತಿಗೆ 112.

ಇಲ್ಲಿಗೆ ಬರುವವರಿಗೆ ಒಂದು ಮಾತು. ಹಿಂಗಾರಿ ಜೋಳ ನಿಂತಿರುವ ಡಿಸೆಂಬರ್, ಜನವರಿಯಲ್ಲಿ ಬನ್ನಿ, ಬಿಸಿಲು ತಡೆಯಬಹುದು. ವಿಜಯಪುರದಲ್ಲಿ ಉಳಿದುಕೊಂಡು ಒಂದು ದಿನ ಸಿಂದಗಿ, ಗೋಲಗೇರಿ, ಇನ್ನೊಂದು ದಿನ ಬಾಗೇವಾಡಿ, ಆಲಮಟ್ಟಿ, ಮತ್ತೊಂದು ದಿನ ಇಂಡಿ, ಹಲಸಂಗಿ ನೋಡಬಹುದು. ಬಸ್ಸಿನಲ್ಲಿ ಪಕ್ಕ ಕೂತವರು ಮಾತಿಗೆ ಸಿಗುತ್ತಾರೆ, ನಮ್ಮ ಕಡೆ ಜನ ಹಾಗೆಯೇ. ಮಗಳು ಪುಣೆಯಲ್ಲಿದ್ದಾಳೆ, ಮಗ ಗೋವಾದಲ್ಲಿದ್ದಾನೆ ಅಂತಾರೆ. ಅಲ್ಲಿ ಏನು ಮಾಡ್ತಾರೆ ಅಂತ ಕೇಳೋಕೆ ಹೋಗಬೇಡಿ. "ಆರಾಮ ಅದಾರೇನ್ರೀ?" ಅಂತ ಕೇಳಿ. ಹೇಳಬೇಕು ಅನಿಸಿದ್ದನ್ನು ಅವರೇ ಹೇಳುತ್ತಾರೆ.