ಹಗ್ಗ ಎರಡು ಸಲ ಎಳೆಯಬೇಕು

ಬಿಡದಿಯಲ್ಲಿ ಯಾವ ಮಾತು ತೆಗೆದರೂ ತಟ್ಟೆ ಇಡ್ಲಿಯಿಂದಲೇ ತೆಗೆಯಬೇಕು. ಬೆಳಗಾಗೆದ್ದು ಮೈಸೂರು ರಸ್ತೆಯ ಪಕ್ಕದ ಹೋಟೆಲಿನಲ್ಲಿ ಕೂತು ನೋಡಿ: ಫಸ್ಟ್ ಶಿಫ್ಟಿಗೆ ಓಡುವವರು ಒಂದು ಕಡೆ, ನೈಟ್ ಶಿಫ್ಟ್ ಮುಗಿಸಿ ಕಣ್ಣು ಕೆಂಪಾದವರು ಇನ್ನೊಂದು ಕಡೆ. ಇಬ್ಬರ ಮುಂದೂ ಅದೇ ಅಗಲದ ಇಡ್ಲಿ, ಅದರ ನೆತ್ತಿಯ ಮೇಲೆ ಅದೇ ಬೆಣ್ಣೆ. ಕಳೆದ ಬೇಸಿಗೆಯಲ್ಲಿ ಅಲ್ಲೇ ಹಳೆಯ ಗೆಳೆಯನೊಬ್ಬ ಸಿಕ್ಕ. ತಟ್ಟೆ ಬಂದರೂ ಮುಟ್ಟದೆ ಒಂದು ಲೋಟ ನೀರು ಕುಡಿದ, ಆಮೇಲೆ ಇನ್ನೊಂದು. ‘ಏನಯ್ಯಾ ಇದು, ಇಡ್ಲಿ ಆರುತ್ತೆ’ ಅಂದೆ. ‘ಕಿಡ್ನಿ ಕಲಿಸಿದ ಪಾಠ’ ಅಂದ.

ಕಥೆ ಇಷ್ಟೆ. ಎರಡು ದಿನ ವಾಂತಿ ಭೇದಿ, ಮೇಲೆ ಉರಿಬಿಸಿಲು. ಸೊಂಟ ನೋವೆಂದು ತಾನೇ ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಗಳು ಬೇರೆ. ಮೂರನೇ ದಿನ ಮೂತ್ರ ನಿಂತಿತು, ಕಾಲು ಊದಿಕೊಂಡಿತು, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿತು. ಆಸ್ಪತ್ರೆಯಲ್ಲಿ ಮಲಗಿದ, ವಾರಗಳು ಕಳೆದವು, ಏರಿದ್ದು ಇಳಿಯಿತು. ‘ಕಿಡ್ನಿ ತಾನೇ ರಿಪೇರಿ ಮಾಡ್ಕೊಂತು ಅಂದ್ರು ಡಾಕ್ಟ್ರು’ ಅಂತ ಹೇಳಿ ಇಡ್ಲಿ ಮುರಿದ. ಆ ‘ರಿಪೇರಿ’ ಅನ್ನುವ ಮಾತು ನನ್ನ ತಲೆಯಲ್ಲಿ ಕೂತೇಬಿಟ್ಟಿತು. ಮೆಕ್ಯಾನಿಕ್ ಇಲ್ಲ, ಸ್ಪ್ಯಾನರ್ ಇಲ್ಲ, ರಿಪೇರಿ ಮಾಡಿದವರು ಯಾರು? ಇಲ್ಲಿ ಕೆಟ್ಟಿದೆ ಅಂತ ಅವರಿಗೆ ಸುದ್ದಿ ಮುಟ್ಟಿಸಿದವರು ಯಾರು?

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಎಲ್ಲ ಸೇರಿ ದಿನಕ್ಕೆ ಹೆಚ್ಚುಕಮ್ಮಿ 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಟ್ಟು, ಮಿಕ್ಕಿದ್ದನ್ನು ರಕ್ತಕ್ಕೇ ಹಿಂತಿರುಗಿಸುತ್ತವೆ. ಹಾಗೆ ಹಿಂತಿರುಗಿಸುವುದು ನೆಫ್ರಾನಿನ ಸಣ್ಣ ಕೊಳವೆಯ ಗೋಡೆಯಲ್ಲಿ ಸಾಲಾಗಿ ಕೂತ ಕೋಶಗಳು. ದುಡಿಮೆ ಜಾಸ್ತಿ, ಆದ್ದರಿಂದ ಆಮ್ಲಜನಕದ ಹಸಿವೂ ಜಾಸ್ತಿ. ರಕ್ತದ ಓಟ ತಗ್ಗಿತೋ, ಮೊದಲು ಕುಸಿಯುವವರು ಇವರೇ. ಹುಟ್ಟಿದ ಮೇಲೆ ನಮಗೆ ಹೊಸ ನೆಫ್ರಾನ್ ಒಂದೂ ಬರುವುದಿಲ್ಲ. ಆದರೆ ಅದರ ಗೋಡೆಯ ಕೋಶಗಳು ಹೊಸದಾಗಿ ಹುಟ್ಟಬಲ್ಲವು. ನನ್ನ ಗೆಳೆಯ ಉಳಿದದ್ದು ಈ ಒಂದು ಅನುಕೂಲದಿಂದ.

ಇನ್ನು ಕೆಟ್ಟಿದೆ ಅಂತ ಸುದ್ದಿ ಮುಟ್ಟಿಸುವ ಮಾತು. ಇಲ್ಲಿ ನನಗೆ ನಮ್ಮೂರಿನ ಟೊಯೊಟಾ ಕಾರ್ಖಾನೆ ನೆನಪಾಗುತ್ತದೆ. 1999ರ ಕೊನೆಯಲ್ಲಿ ಇಲ್ಲಿಂದ ಕ್ವಾಲಿಸ್ ಕಾರು ಹೊರಬರಲು ಶುರುವಾದ ಮೇಲೆ ಬಿಡದಿಯ ಬಾಯಿಗೆ ಎಷ್ಟೊಂದು ಜಪಾನಿ ಪದಗಳು ಬಂದವು! ಆ ಕಂಪನಿಯ ಮೂಲ ಕಾರಲ್ಲ, ಮಗ್ಗ. ಸಕಿಚಿ ಟೊಯೊಡಾ ಅನ್ನುವವರು 1924ರಲ್ಲಿ ಪೂರ್ತಿಗೊಳಿಸಿದ ಮಗ್ಗದಲ್ಲಿ ಒಂದು ಎಳೆ ತುಂಡಾದರೆ ಸಾಕು, ಮಗ್ಗ ತಾನಾಗಿ ನಿಲ್ಲುತ್ತಿತ್ತು. ಆ ಗುಣವೇ ಮುಂದೆ ಕಾರಿನ ಲೈನಿಗೆ ‘ಆಂಡಾನ್’ ಹಗ್ಗವಾಗಿ ಬಂತು. ಕೆಲಸಗಾರನಿಗೆ ತಪ್ಪು ಕಂಡರೆ ಹಗ್ಗ ಎಳೆಯುತ್ತಾನೆ, ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಸರಿಹೋಯಿತು ಅಂದಮೇಲೆ ಹಗ್ಗ ಇನ್ನೊಂದು ಸಲ ಎಳೆಯಬೇಕು; ಆಗಲೇ ದೀಪ ಆರುವುದು.

ಮೂತ್ರಪಿಂಡದಲ್ಲೂ ಹಾಗೆಯೇ. ಪೆಟ್ಟು ತಿಂದ ಕೋಶಗಳು ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ. ಮೊದಲು ಬರುವ ಬಿಳಿ ರಕ್ತಕಣಗಳು ಸತ್ತವುಗಳನ್ನು ಗುಡಿಸುತ್ತವೆ. ಉಳಿದ ಕೋಶಗಳು ತಮ್ಮ ಹುದ್ದೆ, ವೇಷ ಎಲ್ಲ ಕಳಚಿ, ಚಪ್ಪಟೆಯಾಗಿ ಹರಡಿಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಖಾಲಿ ಜಾಗ ಮುಚ್ಚುತ್ತವೆ. ಗೋಡೆ ಕೂಡಿದ ಮೇಲೆ ಮತ್ತೆ ಹಳೆಯ ವೇಷ ಹಾಕಿ ಕೆಲಸಕ್ಕೆ ಕೂರುತ್ತವೆ. ಈ ಗದ್ದಲದ ನಡುವೆ ದೊಡ್ಡ ದನಿ ಟಿಜಿಎಫ್-ಬೀಟಾ ಅನ್ನುವ ಸಂಕೇತದ್ದು. ಅದನ್ನು ಕೇಳಿದ ಪಕ್ಕದ ಫೈಬ್ರೊಬ್ಲಾಸ್ಟ್ ಕೋಶಗಳು ಮೈಯೋಫೈಬ್ರೊಬ್ಲಾಸ್ಟ್‌ಗಳಾಗಿ ಮಾರ್ಪಟ್ಟು ಕೊಲಾಜೆನ್ ಎಂಬ ನಾರು ನೂಲತೊಡಗುತ್ತವೆ. ಕಟ್ಟಡಕ್ಕೆ ಸಾರುವೆ ಕಟ್ಟುವ ಹಾಗೆ, ಅದೂ ಬೇಕಾದದ್ದೇ.

ನೂಲುವುದು ಅಂದೆನಲ್ಲ, ರೇಷ್ಮೆ ಮಾತಾಡದೆ ಮುಂದಕ್ಕೆ ಹೋದರೆ ರಾಮನಗರ ಒಪ್ಪೀತೇ? ನಮ್ಮ ಕಡೆ ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ‘ಜ್ವರ’ ಅನ್ನುತ್ತಾರೆ. ನಾಲ್ಕು ಜ್ವರ ಕಳೆದು, ಹಣ್ಣಾದ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಹಾಕಿದ ರಾತ್ರಿ ಟಾರ್ಚ್ ಹಿಡಿದು ನೋಡಿದ್ದೀರಾ? ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾ, ಅಲ್ಲಾಡಿಸಿದ ಕಡೆಯೆಲ್ಲ ಮಿಣುಕುವ ಎಳೆ ಅಂಟಿಸುತ್ತಾ, ಎರಡು ಮೂರು ದಿನ ಬಿಡುವಿಲ್ಲದೆ ನೂಲುತ್ತದೆ. ಒಳ್ಳೆಯ ಬೈವೋಲ್ಟೈನ್ ಗೂಡಿನಲ್ಲಿ ಎಳೆ ಸಾವಿರ ಮೀಟರಿನ ಹತ್ತಿರ ಬರುತ್ತದೆ. ಸೊಪ್ಪು ತಿನ್ನು, ಜ್ವರಕ್ಕೆ ಕೂರು, ಗೂಡು ಕಟ್ಟು ಅಂತ ಹೇಳುವುದು ಅದರ ಮೈಯೊಳಗಿನ ಹಾರ್ಮೋನುಗಳು. ಹುಳಕ್ಕೂ ಸಂಕೇತವೇ ಯಜಮಾನ. ಆದರೆ ಹುಳ ಒಂದು ಹೊತ್ತಿಗೆ ನೂಲುವುದು ನಿಲ್ಲಿಸುತ್ತದೆ, ನೋಡಿ. ಗೂಡು ಮುಗಿಯಿತು, ಒಳಗೆ ತಾನು ಕೋಶಾವಸ್ಥೆಗೆ ಹೋಗುತ್ತದೆ.

ಮೂತ್ರಪಿಂಡದ ಕಷ್ಟ ಅಲ್ಲೇ ಇದೆ. ಪೆಟ್ಟು ದೊಡ್ಡದಾದರೆ, ಇಲ್ಲವೇ ಸಕ್ಕರೆ ಕಾಯಿಲೆ, ಬಿಪಿ ಅಂತ ದಿನಾ ಸಣ್ಣ ಪೆಟ್ಟು ಬೀಳುತ್ತಲೇ ಇದ್ದರೆ, ಎರಡನೇ ಸಲ ಹಗ್ಗ ಎಳೆಯುವವರೇ ಇರುವುದಿಲ್ಲ. 2010ರಲ್ಲಿ ಬಾಸ್ಟನ್ನಿನ ಜೋಸೆಫ್ ಬಾನ್ವೆಂಟ್ರೆ ಅವರ ತಂಡ ಇಲಿಗಳಲ್ಲಿ ಇದರ ಒಂದು ಗುಟ್ಟು ಕಂಡಿತು. ಪೆಟ್ಟಾದ ಮೇಲೆ ಕೆಲವು ಕೋಶಗಳು ಇಬ್ಭಾಗವಾಗಲು ಹೊರಟು, ಇನ್ನೇನು ಆಗಬೇಕು ಅನ್ನುವ ಘಟ್ಟದಲ್ಲೇ ಸಿಕ್ಕಿಕೊಳ್ಳುತ್ತವೆ. ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ, ನಿಂತಲ್ಲೇ ಟಿಜಿಎಫ್-ಬೀಟಾದಂಥ ಸಂಕೇತ ಸುರಿಸುತ್ತಿರುತ್ತವೆ. ನೂಲುವವರು ನೂಲುತ್ತಲೇ ಇರುತ್ತಾರೆ. ನಾರು ಗಂಟು ಕಟ್ಟಿ ಸಣ್ಣ ರಕ್ತನಾಳಗಳನ್ನು ಹಿಸುಕುತ್ತದೆ, ಆಮ್ಲಜನಕ ಕಮ್ಮಿಯಾಗುತ್ತದೆ, ಅದರಿಂದ ಇನ್ನಷ್ಟು ಪೆಟ್ಟು, ಇನ್ನಷ್ಟು ನಾರು. ಗಾಯ ಮಾಯಲೆಂದು ಬಂದ ಕೈಯೇ ಕಲೆ ಕಟ್ಟುತ್ತದೆ. ಕೈಮೇಲಿನ ಸುಟ್ಟ ಕಲೆಯಾದರೆ ನೋಡಿ ಮರೆಯಬಹುದು. ನೆಫ್ರಾನಿನ ಜಾಗದಲ್ಲಿ ಕೂತ ಕಲೆ ಏನನ್ನೂ ಸೋಸುವುದಿಲ್ಲ.

ಸೋಸುವುದು ಅಂದಾಗ ವೃಷಭಾವತಿಯೂ ನೆನಪಿಗೆ ಬಂತು. ಬೆಂಗಳೂರಿನ ಕೊಳೆಯೆಲ್ಲ ಹೊತ್ತು ಬಿಡದಿಯ ಪಕ್ಕದ ಬೈರಮಂಗಲ ಕೆರೆಗೆ ನೊರೆ ನೊರೆಯಾಗಿ ಇಳಿಯುವ ಆ ಹೊಳೆಯನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೆರೆ, ಜೌಗು, ಜೊಂಡು ಇವೇ ಊರಿನ ಮೂತ್ರಪಿಂಡ ಅಲ್ಲವೇ? ಅವಕ್ಕೂ ತಡೆಯುವಷ್ಟೇ ತಡೆಯುವ ಶಕ್ತಿ. ಮೂತ್ರಪಿಂಡದ ಹಾಗೇ ಅವೂ ತಡವಾಗಿ ದೂರುತ್ತವೆ. ಸೋಸುವ ಶಕ್ತಿ ಅರ್ಧದಷ್ಟು ಹೋಗುವ ತನಕ ಕ್ರಿಯಾಟಿನಿನ್ ಗೆರೆ ದಾಟದೆಯೂ ಇರಬಹುದು.

ಎರಡನೇ ಎಳೆತಕ್ಕೆ ಮದ್ದು ಇದೆಯೇ ಅಂತ ಕೇಳುತ್ತೀರಿ. ಕಟ್ಟಿದ ಕಲೆಯನ್ನು ಪೂರ್ತಿ ಬಿಚ್ಚುವ ಮಾತ್ರೆ ಇನ್ನೂ ಬಂದಿಲ್ಲ. ಟಿಜಿಎಫ್-ಬೀಟಾದ ಬಾಯಿ ಮುಚ್ಚಿಸಿಬಿಡೋಣ ಅಂದರೆ, ಮೈಯ ಬೇರೆ ಎಷ್ಟೋ ಕೆಲಸಕ್ಕೆ ಅದೇ ಬೇಕು. ಆದರೆ ಆಂಜಿಯೊಟೆನ್ಸಿನ್ ಎಂಬ ಇನ್ನೊಂದು ಸಂಕೇತದ ಅಬ್ಬರ ತಗ್ಗಿಸುವ ಬಿಪಿ ಮಾತ್ರೆಗಳು ಮೂತ್ರಪಿಂಡದ ಸವೆತವನ್ನು ನಿಧಾನ ಮಾಡುತ್ತವೆ. ವೈದ್ಯರು ಬರೆದುಕೊಟ್ಟಾಗ ‘ನಂಗೆ ಬಿಪಿ ಅಷ್ಟೊಂದಿಲ್ಲ’ ಅಂತ ಅದನ್ನು ಬಿಟ್ಟವರನ್ನು ಕಂಡು ಮರುಗಿದ್ದೇನೆ.

ಗೆಳೆಯನೂ ಮೊದಲು ಹಾಗೇ ಅಂದುಕೊಂಡಿದ್ದನಂತೆ. ಸರಿಹೋಯಿತಲ್ಲ, ಇನ್ನೇನು ಟೆಸ್ಟು? ಆದರೆ ಒಮ್ಮೆ ಪೆಟ್ಟು ತಿಂದ ಮೂತ್ರಪಿಂಡ ಮುಂದೆ ಸೊರಗುವ ಸಂಭವ ಹೆಚ್ಚು ಅಂತ ಡಾಕ್ಟರು ತಿಳಿಸಿ ಹೇಳಿದ ಮೇಲೆ, ಕರೆದಾಗೆಲ್ಲ ಹೋಗಿ ರಕ್ತ, ಮೂತ್ರ ಕೊಟ್ಟು ಬರುತ್ತಾನೆ. ನೋವಿನ ಮಾತ್ರೆಯ ಹೆಸರೆತ್ತಿದರೆ ಕೈ ಅಡ್ಡ ಹಿಡಿಯುತ್ತಾನೆ. ಅವತ್ತು ಶಿಫ್ಟಿನ ಬಸ್ಸು ಹಾರನ್ ಹೊಡೆಯಿತು. ಇಡ್ಲಿ ಮುಗಿದಿತ್ತು, ಮಾತು ಮುಗಿದಿರಲಿಲ್ಲ. ಅವನು ಎದ್ದವನೇ ಹೋಟೆಲಿನ ಕೊಳಾಯಿಯಲ್ಲಿ ಬಾಟಲಿ ತುಂಬಿಸಿಕೊಂಡು, ಪಕ್ಕದ ಟೇಬಲಿನ ಹುಡುಗನ ಖಾಲಿ ಬಾಟಲಿಯನ್ನೂ ತುಂಬಿಸಿಕೊಟ್ಟು, ಬಸ್ಸಿಗೆ ಓಡಿದ.