ಸಾಸಿವೆ ಡಬ್ಬಿಯ ಕ್ಯಾಶು

"ಮೊದಲು ಕ್ಯಾಶ್ ಕ್ಲಿಯರ್ ಮಾಡಿ, ಒಂದೂ ಉಳಿಸಬೇಡಿ!" ಎಂದು ಮಗಳು ಫೋನಿನಲ್ಲಿ ಯಾರಿಗೋ ಗದರುತ್ತಿದ್ದಳು. ನನ್ನ ಎದೆ ಧಸಕ್ಕೆಂದಿತು. 2021ರ ಕೊರೋನಾ ಕಾಲ. ಬೆಂಗಳೂರಿನಿಂದ ಹೊಸಪೇಟೆಗೆ ಬಂದು ಇನ್ನೂ ನಾಲ್ಕೇ ದಿನವಾಗಿತ್ತು, ಮನೆಯಿಂದಲೇ ಕೆಲಸ. ಕಂಪನಿ ಮುಳುಗಿತು, ಗಲ್ಲಾಪೆಟ್ಟಿಗೆ ಬಳಿಯುತ್ತಿದ್ದಾರೆ ಎಂದುಕೊಂಡೆ. ಫೋನಿಟ್ಟ ಮೇಲೆ ಮೆಲ್ಲಗೆ, "ದುಡ್ಡಿಗೇನಾದರೂ ತೊಂದರೆಯೇನೆ? ನನ್ನ ಹತ್ತಿರ ಸ್ವಲ್ಪ ಇದೆ" ಎಂದೆ. ಸಾಸಿವೆ ಡಬ್ಬಿಯ ತಳದಲ್ಲಿ ಇಟ್ಟದ್ದು, ಅವರಪ್ಪನಿಗೆ ಗೊತ್ತಿಲ್ಲ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಇದು ದುಡ್ಡಲ್ಲ. ಬೇಗ ಸಿಗಲಿ ಅಂತ ಕಂಪ್ಯೂಟರು ಕೈಗೆಟುಕುವಲ್ಲಿ ಇಟ್ಟುಕೊಳ್ಳುವ ನಕಲು. ಫ್ರೆಂಚಿನಲ್ಲಿ ಬಚ್ಚಿಡುವುದು ಅನ್ನುವುದಕ್ಕಿರುವ ಪದದಿಂದ ಬಂದದ್ದು." ಬಚ್ಚಿಡುವ ವಿದ್ಯೆಯನ್ನು ಫ್ರೆಂಚರಿಂದ ಕಲಿಯುವ ಗತಿ ನಮಗಿನ್ನೂ ಬಂದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅವಳ ಕೆಲಸ ಮನೆಗೆ ಸಾಮಾನು ಕಳಿಸುವ ಅಂಗಡಿಯೊಂದರ ವೆಬ್‌ಸೈಟು. ವಿಳಾಸ ತುಂಬುವಾಗ ಜಿಲ್ಲೆಗಳ ಪಟ್ಟಿ ಬರುತ್ತದಲ್ಲ, ಅದು ಡೇಟಾಬೇಸಿನಲ್ಲಿರುತ್ತದಂತೆ. ಯಾರು ಪುಟ ತೆರೆದರೂ ಅದೇ ಪಟ್ಟಿ, ಅದೇ ಹೆಸರು. ದಿನಕ್ಕೆ ಸಾವಿರಾರು ಸಲ ಹೋಗಿ ಕೇಳಿದರೆ ಡೇಟಾಬೇಸಿಗೂ ಸುಸ್ತು, ಕಾಯುವವರಿಗೂ ಬೇಸರ. ಅದಕ್ಕೇ ಒಂದು ಸಲ ತಂದು ಸರ್ವರಿನ ನೆನಪಿನಲ್ಲಿ ಇಟ್ಟುಬಿಡುವುದು. ಆಮೇಲೆ ಬಂದವರಿಗೆಲ್ಲ ಅಲ್ಲಿಂದಲೇ ಬಡಿಸುವುದು.

"ಒಗ್ಗರಣೆ ಡಬ್ಬಿ ಅನ್ನು" ಎಂದೆ. ಉಗ್ರಾಣದಲ್ಲಿ ಸಾಸಿವೆ ಕಿಲೋಗಟ್ಟಲೆ ಇದ್ದರೂ ಎಣ್ಣೆ ಕಾದ ಮೇಲೆ ಯಾರಾದರೂ ಉಗ್ರಾಣಕ್ಕೆ ಓಡುತ್ತಾರೆಯೇ? ನೀವೇ ಹೇಳಿ. ಏಳು ಬಟ್ಟಲಿನ ಡಬ್ಬಿ ಒಲೆಯ ಪಕ್ಕದಲ್ಲೇ ಇರಬೇಕು. ಹಾಗೆಂದು ಹಬ್ಬಕ್ಕೊಮ್ಮೆ ಬೇಕಾಗುವ ಜಾಯಿಕಾಯಿಯನ್ನೂ ಅದಕ್ಕೇ ತುರುಕಿದರೆ ಡಬ್ಬಿಯ ಮುಚ್ಚಳ ಮುಚ್ಚುವುದಿಲ್ಲ. ಮಗಳು, "ಸರಿಯಾಗಿ ಹೇಳಿದೆ, ಪದೇ ಪದೇ ಬೇಕಾಗಿ ಅಪರೂಪಕ್ಕೆ ಬದಲಾಗುವುದನ್ನೇ ಇಡುತ್ತೇವೆ. ಅಂಗಡಿಯಲ್ಲಿ ಎಷ್ಟು ಸಾಮಾನು ಉಳಿದಿದೆ ಅನ್ನುವುದನ್ನು ಹಾಗೆ ಗಂಟೆಗಟ್ಟಲೆ ಇಟ್ಟರೆ ಇಲ್ಲದ್ದನ್ನೂ ಮಾರಿಬಿಡುತ್ತೇವೆ" ಎಂದಳು.

ಸರಿ, ಈ ಗದರಾಟ ಯಾಕೆ? ಜಿಲ್ಲೆಗಳೇನು ದಿನಾ ಹುಟ್ಟುತ್ತವೆಯೇ ಎಂದುಕೊಂಡು ಇವಳು ಆ ನಕಲಿಗೆ ಅವಧಿಯನ್ನೇ ಕೊಟ್ಟಿರಲಿಲ್ಲ. ಇಷ್ಟು ಗಂಟೆಯಾದ ಮೇಲೆ ಚೆಲ್ಲಿ ಹೊಸದು ತಾ ಎಂದು ಹೇಳಿಡಬಹುದಿತ್ತು. ಇಲ್ಲವೇ ಅಸಲು ಪಟ್ಟಿಯನ್ನು ತಿದ್ದಿದ ಕ್ಷಣವೇ ನಕಲನ್ನು ಅಳಿಸುವ ಏರ್ಪಾಡು ಮಾಡಬಹುದಿತ್ತು. ಎರಡೂ ಮಾಡಿರಲಿಲ್ಲ. ಜಿಲ್ಲೆಗಳು ಹುಟ್ಟುತ್ತವೆ! 1997ರಲ್ಲಿ ಒಂದೇ ಸಲ ಏಳು ಹುಟ್ಟಿ 20 ಇದ್ದದ್ದು 27 ಆಗಿರಲಿಲ್ಲವೇ? ಈಗ 2021ರಲ್ಲಿ ನಮ್ಮ ವಿಜಯನಗರವೇ ಬಳ್ಳಾರಿಯಿಂದ ಬೇರೆಯಾಗಿ 31ನೆಯದಾಗಿತ್ತು. ಡೇಟಾಬೇಸಿಗೆ ಅದನ್ನು ಸೇರಿಸಿದರೂ ಹಲವು ಸರ್ವರುಗಳು ತಮ್ಮ ಹಳೆಯ ನಕಲನ್ನೇ ಹಿಡಿದು ಕೂತಿದ್ದವು. ಒಬ್ಬರಿಗೆ 31 ಜಿಲ್ಲೆ, ಇನ್ನೊಬ್ಬರಿಗೆ 30. ದೂರು ಬಂದದ್ದು ಹೊಸಪೇಟೆಯವರಿಂದಲೇ. ತಪ್ಪು ಮಾಡಿದವಳು ಹೊಸಪೇಟೆಯಲ್ಲೇ ನಮ್ಮ ನಡುಮನೆಯಲ್ಲಿ ಕೂತಿದ್ದಾಳೆಂದು ಅವರಿಗೇನು ಗೊತ್ತು!

ಎಲ್ಲ ಸರಿಹೋಗುವಷ್ಟರಲ್ಲಿ ಕತ್ತಲಾಯಿತು. ಪಾಪ, ಮಗು ದಣಿದಿದ್ದಾಳೆಂದು ಕಾಫಿ ತಂದುಕೊಟ್ಟೆ. ಅವಳಿಗೆ ಇಷ್ಟವಾಗುವ ಹಾಗೆ ಎರಡು ಚಮಚ ಸಕ್ಕರೆ, ಗಟ್ಟಿ ಹಾಲು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಅಮ್ಮಾ, ಹೇಳಲೇ? ನಾನು ಸಕ್ಕರೆ ಬಿಟ್ಟು ಎರಡು ವರ್ಷವಾಯಿತು."

"ನಾಲ್ಕು ದಿನದಿಂದ ಕುಡಿದೆಯಲ್ಲೇ!"

"ಅಷ್ಟು ಪ್ರೀತಿಯಿಂದ ತಂದುಕೊಡುತ್ತೀಯಲ್ಲ, ಹೇಗೆ ಹೇಳಲಿ?"

ಆ ಎರಡು ಚಮಚ ಅವಳು ಹೈಸ್ಕೂಲಿನಲ್ಲಿದ್ದಾಗಿನ ಲೆಕ್ಕ. ಅಲ್ಲಿಂದೀಚೆಗೆ ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ಒಂದು ಕ್ಷಣ ಮುಖ ಸಣ್ಣದಾಯಿತು. ಆಮೇಲೆ ಲೋಟವನ್ನು ನಾನೇ ಎತ್ತಿಕೊಂಡು ಕುಡಿಯುತ್ತ ಅವಳ ಪಕ್ಕದಲ್ಲಿ ಕೂತೆ.

"ಇನ್ನೇನೇನು ಬದಲಾಗಿದೆ, ಹೇಳು ನೋಡೋಣ" ಎಂದೆ.

ಲ್ಯಾಪ್‌ಟಾಪ್ ಮುಚ್ಚಿ, ಕಾಲು ಮಡಚಿ ಕೂತು, ಬೆರಳು ಮಡಿಸುತ್ತ ಹೇಳತೊಡಗಿದಳು. ಅವರಪ್ಪ ಊಟಕ್ಕೆ ಎರಡು ಸಲ ಕರೆದರೂ ನಾವಿಬ್ಬರೂ ಏಳಲಿಲ್ಲ.